ಐದು ವರ್ಷ ಹಳೆಯ ಗೇಮ್ ಕನ್ಸೋಲ್‌ಗೆ ಬೆಲೆ ಇಳಿಯೋದು ಬಿಟ್ಟು ಏರಿದ್ದು ಯಾಕೆ?

ಎಂಟನೇ ಮೇನ್
ನಮಸ್ಕಾರ. ಒಂದು ಸಂಕಟ ಹೇಳಿಕೊಳ್ಳಬೇಕು. ಮಗನಿಗೆ ಹನ್ನೊಂದು ವರ್ಷ. ಗಣಿತದಲ್ಲಿ ತೊಂಬತ್ತು ದಾಟಿದರೆ ಪಿಎಸ್5 (ಟಿವಿಗೆ ಹಾಕಿ ಗೇಮ್ ಆಡೋ ಸೋನಿಯ ಪೆಟ್ಟಿಗೆ, ಪ್ಲೇಸ್ಟೇಷನ್ 5) ಕೊಡಿಸ್ತೀನಿ ಅಂತ ಜೂನ್‌ನಲ್ಲಿ ಬಾಯಿ ತಪ್ಪಿ ಅಂದುಬಿಟ್ಟೆ. ತೊಂಬತ್ತೆರಡು ತಂದಿದ್ದಾನೆ. ಮಾರ್ಕ್ಸ್ ಕಾರ್ಡನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾನೆ, ನಾನು ನೀರು ಕುಡಿಯೋಕೆ ಹೋದಾಗಲೆಲ್ಲ ಕಣ್ಣಿಗೆ ಬೀಳಲಿ ಅಂತ.

ಬೆಲೆ ನೋಡಿ ತಲೆ ಕೆಟ್ಟಿತು. 2021ರ ಫೆಬ್ರವರಿಯಲ್ಲಿ ನಮ್ಮಲ್ಲಿ ಬಂದಾಗ ಡಿಸ್ಕ್ ಹಾಕುವ ಮಾಡೆಲ್‌ಗೆ 49,990 ರೂಪಾಯಿ ಇತ್ತು. ಜಾಸ್ತಿ ಆಯ್ತು, ಕಾಯೋಣ, ಇಳಿಯುತ್ತೆ ಅಂದುಕೊಂಡೆ. 2022ರ ನವೆಂಬರ್‌ನಲ್ಲಿ 54,990 ಮಾಡಿದರು. ಅಮೆರಿಕದಲ್ಲೂ 499 ಡಾಲರ್ ಇದ್ದದ್ದು 2025ರ ಆಗಸ್ಟ್‌ನಲ್ಲಿ 549 ಆಯಿತಂತೆ. ನಾನು ತಗೊಂಡ ಟಿವಿ ಈಗ ಅರ್ಧ ಬೆಲೆಗೆ ಸಿಗುತ್ತೆ. ಫೋನ್ ಒಂದೇ ವರ್ಷಕ್ಕೆ ಇಳಿಯುತ್ತೆ. ಇದೊಂದು ಯಾಕೆ ಉಲ್ಟಾ? ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಅಂತ ಮೂರು ಕಂಪನಿ ಕಿತ್ತಾಡುತ್ತಿವೆ ಅಂತಾರೆ. ಕಿತ್ತಾಡಿದರೆ ಬೆಲೆ ಇಳಿಯಬೇಕು ಅಲ್ವಾ?

ಕಾಫಿ ಬೈಟು
ಮೊದಲನೇ ತಪ್ಪು ಕಾದದ್ದು. ಎರಡನೇ ತಪ್ಪು ಮಗನಿಗೆ ಗಣಿತ ಚೆನ್ನಾಗಿ ಹೇಳಿಕೊಟ್ಟದ್ದು.

ಪಿಸಿ ಪುಟ್ಟ
ಕನ್ಸೋಲ್ ಬಿಡಿ ಸಾರ್. ಎಸ್.ಪಿ. ರೋಡಿಗೆ ಹೋಗಿ, ಅದೇ ದುಡ್ಡಿಗೆ ಒಂದು ಪಿಸಿ ಕಟ್ಟಿಸಿ. ಓದೋಕೂ ಆಗುತ್ತೆ.

ಕಾಫಿ ಬೈಟು
"ಓದೋಕೂ ಆಗುತ್ತೆ" ಅಂತ ಹೇಳಿಯೇ ನಾನು ನಮ್ಮಪ್ಪನ ಹತ್ತಿರ ಪಿಸಿ ತೆಗೆಸಿಕೊಂಡಿದ್ದು. ಫಲಿತಾಂಶ ನಿಮ್ಮ ಮುಂದೆ ಕೂತು ಟೈಪ್ ಮಾಡುತ್ತಿದೆ.

ಲೆಕ್ಕದ ಮೇಷ್ಟ್ರು
ಎಂಟನೇ ಮೇನ್ ಅವರೇ, ಟಿವಿ ಮಾರುವವನಿಗೆ ಟಿವಿಯಲ್ಲೇ ಲಾಭ ಬರಬೇಕು. ಕನ್ಸೋಲ್ ಮಾರುವವನ ಲೆಕ್ಕ ಬೇರೆ.

ನಮ್ಮ ಬೀದಿಗೆ ನೀರಿನ ಕ್ಯಾನ್ ಹಾಕುವ ಹುಡುಗ ಮೊದಲ ದಿನ ಬಂದಾಗ ಡಿಸ್ಪೆನ್ಸರ್ ಪುಕ್ಕಟೆ ಕೊಟ್ಟ. "ಇದಕ್ಕೆ ದುಡ್ಡು ಬೇಡ ಸಾರ್, ಕ್ಯಾನ್ ಮಾತ್ರ ನನ್ನ ಹತ್ರಾನೇ ತಗೊಳ್ಳಿ" ಅಂದ. ಡಿಸ್ಪೆನ್ಸರ್‌ನಲ್ಲಿ ಅವನಿಗೆ ನಷ್ಟ. ಆರು ತಿಂಗಳು ಕ್ಯಾನ್ ತೆಗೆದುಕೊಂಡರೆ ಆ ದುಡ್ಡು ವಾಪಸ್, ಆಮೇಲೆ ಬಂದದ್ದೆಲ್ಲ ಲಾಭ. ಕನ್ಸೋಲ್ ಅಂದರೆ ಡಿಸ್ಪೆನ್ಸರ್. ಗೇಮ್ ಅಂದರೆ ಕ್ಯಾನ್. ಬೇರೆ ಕಂಪನಿ ಮಾಡಿದ ಗೇಮ್ ಅವರ ಸ್ಟೋರ್‌ನಲ್ಲಿ ಮಾರಾಟವಾದರೂ ನೂರಕ್ಕೆ ಸುಮಾರು ಮೂವತ್ತು ರೂಪಾಯಿ ಕನ್ಸೋಲ್‌ನವರ ಜೇಬಿಗೆ. ಆನ್‌ಲೈನ್ ಆಡೋಕೆ ಚಂದಾ ಬೇರೆ.

ಇದು ನನ್ನ ಊಹೆ ಅಲ್ಲ. 2021ರಲ್ಲಿ ಗೇಮ್ ಕಂಪನಿ ಎಪಿಕ್ ಮತ್ತು ಆಪಲ್ ಕೇಸಿನಲ್ಲಿ ಮೈಕ್ರೋಸಾಫ್ಟ್‌ನ ಲೋರಿ ರೈಟ್ ಕೋರ್ಟಿನಲ್ಲೇ ಹೇಳಿದರು, ಎಕ್ಸ್‌ಬಾಕ್ಸ್ ಪೆಟ್ಟಿಗೆ ಮಾರಿ ಕಂಪನಿ ಯಾವತ್ತೂ ಲಾಭ ನೋಡಿಲ್ಲ ಅಂತ. 2022ರಲ್ಲಿ ಆಗ ಎಕ್ಸ್‌ಬಾಕ್ಸ್ ಮುಖ್ಯಸ್ಥರಾಗಿದ್ದ ಫಿಲ್ ಸ್ಪೆನ್ಸರ್ ಒಂದೊಂದು ಪೆಟ್ಟಿಗೆಗೆ 100ರಿಂದ 200 ಡಾಲರ್ ಕೈಯಿಂದ ಹೋಗುತ್ತಿದೆ ಅಂದರು.

ಅಂದರೆ ನೀವು ಕೊಡುತ್ತಿದ್ದದ್ದು ಮೊದಲ ದಿನದಿಂದಲೇ ಇಳಿಸಿದ ಬೆಲೆ. ಹಿಂದೆ ವರ್ಷ ಕಳೆದಂತೆ ಚಿಪ್ ಮಾಡುವ ಖರ್ಚು ಇಳಿಯುತ್ತಿತ್ತು, ಅವರೂ ಇಳಿಸುತ್ತಿದ್ದರು. ಪಿಎಸ್2 ಅಮೆರಿಕದಲ್ಲಿ 2000ದಲ್ಲಿ 299 ಡಾಲರ್, 2009ಕ್ಕೆ 99 ಡಾಲರ್. ಈಗ ನಿಂತು ಹೋಗಿರುವುದು ಆ ಇಳಿತ.

ಜಾಯ್‌ಸ್ಟಿಕ್ ಜಯಣ್ಣ
ಮೇಷ್ಟ್ರೇ, ನಿಮ್ಮ ನೀರಿನ ಕ್ಯಾನ್ ನಿಂಟೆಂಡೊಗೆ ಹೊಂದಲ್ಲ. ಅವರು ಪೆಟ್ಟಿಗೆಯಲ್ಲೂ ಕಾಸು ನೋಡುತ್ತಾರೆ. ಹೊಸ ಚಿಪ್‌ಗೆ ದುಡ್ಡು ಸುರಿಯಲ್ಲ. ಹಳೆಯ, ಅಗ್ಗವಾದ ತಂತ್ರಜ್ಞಾನ ತಗೊಂಡು ಅದರಲ್ಲೇ ಹೊಸ ಆಟ ಹುಡುಕುತ್ತಾರೆ. ಗೇಮ್‌ಬಾಯ್ 1989ರಲ್ಲಿ ಅಮೆರಿಕದಲ್ಲಿ 90 ಡಾಲರ್. ಬಣ್ಣ ಇಲ್ಲ, ಪರದೆಗೆ ಬೆಳಕೂ ಇಲ್ಲ. ಸೆಗಾದ ಗೇಮ್ ಗೇರ್‌ಗೆ ಬಣ್ಣ ಇತ್ತು, 150 ಡಾಲರ್, ಆರು ಸೆಲ್ ಹಾಕಿದರೂ ಒಂದು ಮಧ್ಯಾಹ್ನ ಬರುತ್ತಿರಲಿಲ್ಲ. ಗೆದ್ದವರು ಯಾರು?

ಲೆಕ್ಕದ ಮೇಷ್ಟ್ರು
ಒಪ್ಪಿದೆ, ಆದರೆ ಪೂರ್ತಿ ಅಲ್ಲ. ವೀ ಯು ಅನ್ನೋ ಕನ್ಸೋಲ್ ಬಂದಾಗ ನಿಂಟೆಂಡೊ ಕೂಡ ನಷ್ಟಕ್ಕೇ ಮಾರಿತು. ಅವರದ್ದೇ ಕೈಯಲ್ಲಿ ಹಿಡಿದು ಆಡೋ 3ಡಿಎಸ್ ಕಥೆ ಇನ್ನೂ ಚೆಂದ. 2011ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ 249 ಡಾಲರ್‌ಗೆ ಬಿಟ್ಟರು, ಹೋಗಲಿಲ್ಲ. ಆಗಸ್ಟ್‌ನಲ್ಲಿ ನೇರ 169ಕ್ಕೆ ಇಳಿಸಿದರು. ಐದೇ ತಿಂಗಳು! ಮೊದಲು ಕೊಂಡವರು ಬೈಯದಿರಲಿ ಅಂತ ಇಪ್ಪತ್ತು ಹಳೇ ಗೇಮ್ ಪುಕ್ಕಟೆ ಕೊಟ್ಟರು. ಅಧ್ಯಕ್ಷ ಸತೋರು ಇವಾತ ತಮ್ಮ ಸಂಬಳವನ್ನೇ ಅರ್ಧಕ್ಕೆ ಇಳಿಸಿಕೊಂಡರು.

ನಾಗರಭಾವಿ ನಾಣಿ
ಸಂಬಳ ಅರ್ಧ ಮಾಡಿಕೊಂಡ ಬಾಸ್! ನಮ್ಮ ಆಫೀಸಿನಲ್ಲಿ ಅರ್ಧ ಆಗೋದು ಬರೀ ಟೀಮ್.

ವಾಣಿ ಎನ್
😂 ನಾಣಿ ಅವರೇ, ಅದನ್ನು ಆಫೀಸ್ ಲ್ಯಾಪ್‌ಟಾಪ್‌ನಿಂದ ಬರೆದಿಲ್ಲ ತಾನೇ?

ಕಾರ್ಟ್ರಿಜ್ ಊದೋ ಸೀನ
ಬೆಲೆ ವಿಷಯ ಆಮೇಲೆ. ಮೊದಲು ಒಂದು ಕೇಳ್ತೀನಿ, ಆ ಹಳದಿ ಕಾರ್ಟ್ರಿಜ್ ಯಾರಿಗಾದರೂ ನೆನಪಿದೆಯಾ? ಮೇಲೆ "9999 ಇನ್ 1" ಅಂತ ದಪ್ಪಗೆ ಬರೆದಿರುತ್ತಿತ್ತು. ಒಳಗೆ ಆರೋ ಏಳೋ ಗೇಮ್. ಅದೇ ಗೇಮ್ 8ನೇ ನಂಬರಿನಲ್ಲಿ ಮತ್ತೆ ಬರುತ್ತಿತ್ತು, ಬಣ್ಣ ಮಾತ್ರ ಬೇರೆ. ನಾನೂ ನನ್ನ ತಮ್ಮನೂ ಒಂದು ಬೇಸಿಗೆ ರಜೆಯಲ್ಲಿ 400ನೇ ನಂಬರ್ ತನಕ ಒಂದೊಂದೇ ಒತ್ತಿ ನೋಡಿದ್ದೇವೆ, ಎಲ್ಲಾದರೂ ಹೊಸದು ಸಿಗಬಹುದು ಅಂತ. ಟಿವಿ ಬರದಿದ್ದರೆ ಕಾರ್ಟ್ರಿಜ್ ತೆಗೆದು ಕೊಳಲು ಊದುವ ಹಾಗೆ ಊದೋದು. ಅಮ್ಮ ಅಡುಗೆ ಮನೆಯಿಂದ "ಎಂಜಲು ಮಾಡಬೇಡ್ರೋ, ಶಾಕ್ ಹೊಡೆಯುತ್ತೆ" ಅಂತ ಕೂಗುತ್ತಿದ್ದರು.

ನಮ್ಮ ತಲೆಮಾರಿಗೆ ಸೋನಿ ಯಾರು, ಸೆಗಾ ಯಾರು ಗೊತ್ತಿರಲಿಲ್ಲ. "ಟಿವಿ ವಿಡಿಯೋ ಗೇಮ್" ಅಷ್ಟೇ. ನ್ಯಾಷನಲ್ ಮಾರ್ಕೆಟ್‌ನಲ್ಲಿ ಚೌಕಾಸಿ ಮಾಡಿ ತರೋದು.

ಬನಶಂಕರಿ ಎರಡನೇ ಹಂತ
ಸೀನಣ್ಣ, 3ನೇ ನಂಬರ್ ಟ್ಯಾಂಕ್ ಗೇಮ್ ಅಲ್ವಾ?

ಕಾರ್ಟ್ರಿಜ್ ಊದೋ ಸೀನ
ನಮ್ಮದರಲ್ಲಿ 5. ಇದರ ಮೇಲೆ ಜಗಳಕ್ಕೆ ನಾನು ರೆಡಿ.

ನಾಗರಭಾವಿ ನಾಣಿ
ವಿಷಯಕ್ಕೆ ಬನ್ನಿ. ಮೇಷ್ಟ್ರು ಚಿಪ್ಪು ಗಿಪ್ಪು ಅಂತ ಕಂಪನಿಗಳ ಪರ ವಕಾಲತ್ತು ಮಾಡುತ್ತಿದ್ದಾರೆ. ನಿಜವಾದ ಕಾರಣ ಇಷ್ಟೇ, ಪೈಪೋಟಿ ಸತ್ತಿದೆ.

ಪೈಪೋಟಿ ಇದ್ದಾಗ ಹೇಗಿತ್ತು ಗೊತ್ತಾ? 1995ರ ಮೇ ತಿಂಗಳು, ಲಾಸ್ ಏಂಜಲಿಸ್‌ನಲ್ಲಿ ಇ3 ಅನ್ನೋ ವಿಡಿಯೋ ಗೇಮ್ ಮೇಳದ ಮೊದಲ ವರ್ಷ. ಸೆಗಾದವರು ಬಂದು ತಮ್ಮ ಹೊಸ ಕನ್ಸೋಲ್ ಸ್ಯಾಟರ್ನ್ ಬೆಲೆ 399 ಡಾಲರ್, ಇವತ್ತಿಂದಲೇ ಅಂಗಡಿಯಲ್ಲಿದೆ ಅಂತ ಬೀಗಿದರು. ಆಮೇಲೆ ಸೋನಿಯ ಸ್ಟೀವ್ ರೇಸ್ ಅವರನ್ನು ಭಾಷಣಕ್ಕೆ ಕರೆದರು. ಆ ಮನುಷ್ಯ ಮೈಕ್ ಮುಂದೆ ನಿಂತು "299" ಅಂದು ಇಳಿದು ಹೋದ. ಅದು ಪ್ಲೇಸ್ಟೇಷನ್ ಬೆಲೆ. ಅಷ್ಟೇ ಭಾಷಣ. ನೂರು ಡಾಲರ್ ಅಂತರಕ್ಕೆ ಸೆಗಾ ಬೆವರಿತು. ಮುಂದೆ 1999ರಲ್ಲಿ ಡ್ರೀಮ್‌ಕಾಸ್ಟನ್ನು 199ಕ್ಕೆ ಬಿಟ್ಟರೂ ಎದ್ದೇಳಲಿಲ್ಲ. 2001ರಲ್ಲಿ ಯಂತ್ರ ಮಾಡೋದನ್ನೇ ನಿಲ್ಲಿಸಿದರು.

2002ರ ಮೇ ನೋಡಿ. ಸೋನಿ ಪಿಎಸ್2 ಬೆಲೆಯನ್ನು 299ರಿಂದ 199 ಮಾಡಿತು. ಮೈಕ್ರೋಸಾಫ್ಟ್ ಮಾರನೇ ದಿನವೇ ಎಕ್ಸ್‌ಬಾಕ್ಸನ್ನೂ 199 ಮಾಡಿತು. ವಾರದೊಳಗೆ ನಿಂಟೆಂಡೊ ಗೇಮ್‌ಕ್ಯೂಬನ್ನು 149 ಮಾಡಿತು. ಅದಪ್ಪಾ ಪೈಪೋಟಿ ಅಂದರೆ. ಈಗ? ಒಬ್ಬ ಏರಿಸಿದರೆ ಇನ್ನೊಬ್ಬನೂ ಏರಿಸುತ್ತಾನೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಅಮೆರಿಕದಲ್ಲಿ 499 ಇದ್ದದ್ದು 2025ರ ಮೇನಲ್ಲಿ 599, ಅಕ್ಟೋಬರ್‌ನಲ್ಲಿ 649. ಒಂದೇ ವರ್ಷಕ್ಕೆ ಎರಡು ಸಲ!

ಜಾಯ್‌ಸ್ಟಿಕ್ ಜಯಣ್ಣ
ಆ್ಯಪ್ ಕ್ಯಾಬ್ ಕಥೆ ಥರ. ಮೊದಲು ಅರ್ಧ ಬೆಲೆಗೆ ಕರೆದುಕೊಂಡು ಹೋದರು, ನಾವು ಆಟೋದವರನ್ನು ಬೈದೆವು. ಈಗ ಮಳೆ ಬಂದರೆ ಜಯನಗರದಿಂದ ಮಲ್ಲೇಶ್ವರಕ್ಕೆ ಕೇಳುವ ರೇಟಿಗೆ ಮೈಸೂರಿಗೆ ಬಸ್ಸಲ್ಲಿ ಹೋಗಿ ಬರಬಹುದು.

ಬನಶಂಕರಿ ಎರಡನೇ ಹಂತ
ಮೆಟ್ರೋ ಇದೆಯಲ್ಲ ಜಯಣ್ಣ.

ಜಾಯ್‌ಸ್ಟಿಕ್ ಜಯಣ್ಣ
2025ರ ಫೆಬ್ರವರಿಯಲ್ಲಿ ಅದರ ಟಿಕೆಟ್‌ ಏರಿಸಿದ್ದನ್ನು ನೆನಪಿಸಬೇಡಪ್ಪ.

ಲೆಕ್ಕದ ಮೇಷ್ಟ್ರು
ನಾಣಿ, ವಕಾಲತ್ತು ಅಲ್ಲ ಮಾರಾಯ. ಎರಡು ಕಾರಣ ಒಟ್ಟಿಗೆ ಇರಬಾರದಾ?

ಚಿಪ್ಪಿನ ಮಾತು ಮುಗಿಸುತ್ತೇನೆ. ಪಿಎಸ್2ರೊಳಗೆ ಮೊದಲು ಎರಡು ದೊಡ್ಡ ಚಿಪ್ ಇದ್ದವು. ಆಮೇಲೆ ಎರಡನ್ನೂ ಸೇರಿಸಿ ಒಂದು ಸಣ್ಣ ಚಿಪ್ ಮಾಡಿದರು. ಒಂದೇ ಸಿಲಿಕಾನ್ ಬಿಲ್ಲೆಯಲ್ಲಿ ಜಾಸ್ತಿ ಚಿಪ್, ಕಮ್ಮಿ ಬಿಸಿ, ಸಣ್ಣ ಫ್ಯಾನ್, ಸಣ್ಣ ಪೆಟ್ಟಿಗೆ, ಹಡಗಿನಲ್ಲಿ ಕಮ್ಮಿ ಜಾಗ. ಪಿಎಸ್5 ಚಿಪ್ ಕೂಡ 7 ನ್ಯಾನೋಮೀಟರ್ ವಿಧಾನದಿಂದ ಇನ್ನೂ ಸಣ್ಣ 6ಕ್ಕೆ ಇಳಿಯಿತು. ಆದರೆ ಈಗ ಹೊಸ ವಿಧಾನದ ಬಿಲ್ಲೆಯೇ ದುಬಾರಿ. ಚಿಪ್ ಸಣ್ಣದಾಗುತ್ತೆ, ಖರ್ಚು ಅಷ್ಟೇ ಇರುತ್ತೆ. ರೊಟ್ಟಿ ಸಣ್ಣದು ಮಾಡಿದಿರಿ, ಹಿಟ್ಟಿನ ರೇಟ್ ಏರಿತು, ಉಳಿದದ್ದು ಏನು? ಮೇಲೆ ಅಮೆರಿಕದ ಆಮದು ಸುಂಕ. ಈಗ ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನೆಲ್ಲ ಬಾಚಿಕೊಳ್ಳುತ್ತಿವೆ.

ಪಿಸಿ ಪುಟ್ಟ
ಮೆಮೊರಿ ಮಾತು ನಿಜ. ಹೋದ ಶನಿವಾರ ಎಸ್.ಪಿ. ರೋಡಿನಲ್ಲಿ ಒಂದು ಅಂಗಡಿಯಲ್ಲಿ ರ‍್ಯಾಮ್ ರೇಟ್ ಕೇಳಿದೆ. ಪಕ್ಕದ ಗಲ್ಲಿಯಲ್ಲಿ ಟೀ ಕುಡಿದು ನಾಲ್ಕು ಅಂಗಡಿ ಸುತ್ತಿ ವಾಪಸ್ ಬಂದರೆ ಅದೇ ರ‍್ಯಾಮ್‌ಗೆ ಬೇರೆ ರೇಟ್. "ಈಗಷ್ಟೇ ಹೇಳಿದ್ರಲ್ಲಾ ಅಣ್ಣಾ" ಅಂದೆ. "ಅದು ಬೆಳಿಗ್ಗೆ ರೇಟು" ಅಂದ. ಬಂಗಾರದ ಅಂಗಡಿ ಥರ ಬೋರ್ಡ್ ಹಾಕಬೇಕು ಇನ್ನು.

ಕಾಫಿ ಬೈಟು
ಮತ್ತೆ "ಅದೇ ದುಡ್ಡಿಗೆ ಪಿಸಿ ಕಟ್ಟಿಸಿ" ಅಂದವರು ಯಾರು ಸ್ವಾಮಿ?

ಪಿಸಿ ಪುಟ್ಟ
ಅದು ಬೆಳಿಗ್ಗೆ ಸಲಹೆ.

ಎಂಟನೇ ಮೇನ್
😀 ನಮ್ಮ ದೇಶದ ಬೆಲೆ ಹೇಗೆ ನಿರ್ಧಾರ ಆಗುತ್ತೆ ಅಂತ ಯಾರಾದರೂ ಹೇಳಿ. 499 ಡಾಲರ್ ಅಂದರೆ ಆಗ ಮೂವತ್ತಾರು ಸಾವಿರ ಚಿಲ್ಲರೆ. ನಮಗೆ ಐವತ್ತು. ಮಧ್ಯದ ದುಡ್ಡು ಯಾರಿಗೆ?

ಬನಶಂಕರಿ ಎರಡನೇ ಹಂತ
ಸರ್ಕಾರಕ್ಕೆ. ಜಿಎಸ್‌ಟಿ 28 ಪರ್ಸೆಂಟ್.

ವಾಣಿ ಎನ್
28 ಅಲ್ಲ, 18. 2018ರ ಡಿಸೆಂಬರ್ ಕೌನ್ಸಿಲ್ ಸಭೆಯಲ್ಲಿ ವಿಡಿಯೋ ಗೇಮ್ ಕನ್ಸೋಲ್‌ಗಳನ್ನು 28ರಿಂದ 18ಕ್ಕೆ ಇಳಿಸಿದರು, 2019ರ ಜನವರಿಯಿಂದ ಜಾರಿ. ಅದಕ್ಕೆ ಮೊದಲೇ ಕಸ್ಟಮ್ಸ್ ಸುಂಕ ಸೇರಿರುತ್ತದೆ. ಇನ್ನೊಂದು, ಅಮೆರಿಕದ 499 ಅನ್ನೋದು ತೆರಿಗೆ ಸೇರಿಸದ ಬೆಲೆ, ನಮ್ಮದು ತೆರಿಗೆ ಸೇರಿಸಿದ ಎಂಆರ್‌ಪಿ. ಹಾಗಾಗಿ ನೇರ ಹೋಲಿಸಿದರೆ ತಪ್ಪಾಗುತ್ತದೆ. 36,000ಕ್ಕೆ 18 ಪರ್ಸೆಂಟ್ ಸೇರಿಸಿದರೇ 42,500 ಹತ್ತಿರ ಬರುತ್ತೆ. ಮಿಕ್ಕದ್ದು ಕಸ್ಟಮ್ಸ್, ಸಾಗಣೆ, ಅಂಗಡಿಯವನ ಪಾಲು. ಡಾಲರ್ ಕೂಡ 2021ರ ಫೆಬ್ರವರಿಯಲ್ಲಿ 73 ಆಸುಪಾಸು ಇದ್ದದ್ದು 2022ರ ಕೊನೆಗೆ 80 ದಾಟಿತ್ತು. ಆಗಲೇ ನಿಮ್ಮ 5,000 ಏರಿದ್ದು.

ನಾನು ಇಲ್ಲೇ ಒಂದು ಗೇಮ್ ಸ್ಟುಡಿಯೋದಲ್ಲಿ ಆರ್ಟಿಸ್ಟ್. ಬೆಲೆ ಕೇಳಿದಾಗಲೆಲ್ಲ ಒಂದು ತಮಾಷೆ ಅನ್ನಿಸುತ್ತೆ. 1997ರಲ್ಲೇ ಧ್ರುವ ಇಂಟರಾಕ್ಟಿವ್ ಅನ್ನೋ ಗೇಮ್ ಕಂಪನಿ ಶುರುವಾದ ಊರು ನಮ್ಮ ಬೆಂಗಳೂರು. 2019ರಲ್ಲಿ ಅದನ್ನು ಜಿಟಿಎ ಗೇಮ್ ಮಾಡುವ ರಾಕ್‌ಸ್ಟಾರ್ ಕೊಂಡಿತು. ದೊಡ್ಡ ದೊಡ್ಡ ಗೇಮ್‌ಗಳ ಕಾರು, ಮರ, ಗೋಡೆ ಎಲ್ಲ ಈ ಊರಿನ ಹುಡುಗ ಹುಡುಗಿಯರು ಮಾಡುತ್ತಾರೆ. ನನ್ನ ಟೀಮಿನಲ್ಲಿ ಒಂಬತ್ತು ಜನ. ಮನೆಯಲ್ಲಿ ಕನ್ಸೋಲ್ ಇರೋದು ಮೂವರಿಗೆ. ಗೇಮ್ ಬಿಡುಗಡೆ ಆದ ಮೇಲೆ ನಾನು ಮಾಡಿದ ಗೋಡೆ ಹೇಗೆ ಕಾಣುತ್ತೆ ಅಂತ ಯೂಟ್ಯೂಬ್‌ನಲ್ಲಿ ನೋಡಿದ್ದೇನೆ.

ಕಾರ್ಟ್ರಿಜ್ ಊದೋ ಸೀನ
ಮೇಡಂ, ಇದನ್ನು ಓದಿ ಒಂದು ಕ್ಷಣ ಬೇಜಾರಾಯಿತು.

ವಾಣಿ ಎನ್
ಬೇಜಾರೇನಿಲ್ಲ ಸೀನಣ್ಣ. ಹೀರೋ ಆ ಗೋಡೆ ಮುಂದೆ ಎರಡು ಸೆಕೆಂಡ್ ಓಡಿ ಹೋದ. ನಾನು ಮೂರು ವಾರ ಕೂತಿದ್ದೆ.

ನಾಗರಭಾವಿ ನಾಣಿ
ತೆರಿಗೆ ಲೆಕ್ಕ ಸರಿ. ಆದರೆ ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ. ಮೈಕ್ರೋಸಾಫ್ಟ್ ತನ್ನದೇ ಗೇಮ್‌ಗಳನ್ನು ಪಿಎಸ್5ಗೆ ಕೊಡುತ್ತಿದೆ. ಫೋರ್ಜಾ ಹೊರೈಜನ್ 5 2025ರ ಏಪ್ರಿಲ್‌ನಲ್ಲಿ ಬಂತು. ಹೇಲೋ ಕೂಡ ಬರುತ್ತೆ ಅಂತ ಘೋಷಿಸಿದರು. ಹೇಲೋ! ಅದಕ್ಕೋಸ್ಕರವೇ ಜನ ಎಕ್ಸ್‌ಬಾಕ್ಸ್ ಕೊಂಡಿದ್ದು. ಎದುರಾಳಿಯ ಅಂಗಡಿಯಲ್ಲೇ ನಮ್ಮ ಸರಕು ಇಟ್ಟರೆ ಆಮೇಲೆ ಬೆಲೆ ಇಳಿಸೋ ದರ್ದು ಯಾರಿಗೆ?

ಲೆಕ್ಕದ ಮೇಷ್ಟ್ರು
ಈ ಮಾತು ಒಪ್ಪುತ್ತೇನೆ. ಅವರ ಲೆಕ್ಕವೇ ಬದಲಾಗಿದೆ. ಡಿಸ್ಪೆನ್ಸರ್ ಯಾರದಾದರೂ ಇರಲಿ, ನೀರು ನಮ್ಮದು ಹೋಗಲಿ ಅಂತ. 2023ರ ಅಕ್ಟೋಬರ್‌ನಲ್ಲಿ ಆ್ಯಕ್ಟಿವಿಷನ್ ಅನ್ನೋ ಗೇಮ್ ಕಂಪನಿ ಕೊಳ್ಳೋಕೆ ಸುಮಾರು 6,900 ಕೋಟಿ ಡಾಲರ್ ಸುರಿದವರಿಗೆ ಒಂದೇ ಪೆಟ್ಟಿಗೆಗೆ ಮಾರಿದರೆ ಆ ದುಡ್ಡು ಹುಟ್ಟಲ್ಲ.

ಜಾಯ್‌ಸ್ಟಿಕ್ ಜಯಣ್ಣ
ಗೇಮ್ ಪಾಸ್ (ಮೈಕ್ರೋಸಾಫ್ಟ್‌ನ ಗೇಮ್ ಚಂದಾ) ತಗೊಳ್ಳಿ ಅಂತ ನಾನೇ ಹತ್ತು ಜನಕ್ಕೆ ಹೇಳಿದ್ದೆ. ತಿಂಗಳಿಗೆ 829 ಇದ್ದದ್ದು 2025ರ ಅಕ್ಟೋಬರ್‌ನಲ್ಲಿ 1,389 ಆಯಿತು. ಆ ಹತ್ತು ಜನ ಈಗ ನನ್ನ ಫೋನ್ ಎತ್ತುತ್ತಿಲ್ಲ.

ಬನಶಂಕರಿ ಎರಡನೇ ಹಂತ
ಬೆಲೆ ತಪ್ಪಾಗಿ ಇಟ್ಟು ಸೋತವರೂ ಇದ್ದಾರೆ ಅಲ್ವಾ? ಪಿಎಸ್3 ಬಂದಾಗ 599 ಡಾಲರ್ ಅಂತ ಎಲ್ಲರೂ ನಕ್ಕಿದ್ದರು.

ಜಾಯ್‌ಸ್ಟಿಕ್ ಜಯಣ್ಣ
ಎರಡು ಮಾಡೆಲ್ ಇತ್ತು. 20 ಜಿಬಿಗೆ 499, 60 ಜಿಬಿಗೆ 599. ಜನರಿಗೆ ನೆನಪಿರೋದು 599 ಮಾತ್ರ.

ಅದರಲ್ಲೂ ಸೋನಿಗೆ ನಷ್ಟವೇ! ಸೆಲ್ ಅನ್ನೋ ಹೊಸ ಚಿಪ್, ಜೊತೆಗೆ ಬ್ಲೂ-ರೇ ಡಿಸ್ಕ್ ಪ್ಲೇಯರ್. ಬಿಚ್ಚಿ ಲೆಕ್ಕ ಹಾಕಿದ ಐಸಪ್ಲೈ ಕಂಪನಿಯವರು 60 ಜಿಬಿ ಪೆಟ್ಟಿಗೆಗೇ 840 ಡಾಲರ್ ಖರ್ಚು ಅಂದರು. ಆ ವರ್ಷ ಸೋನಿಯ ಗೇಮ್ ವಿಭಾಗಕ್ಕೆ ಸುಮಾರು 23,000 ಕೋಟಿ ಯೆನ್ ನಷ್ಟ. ಇಷ್ಟಾದರೂ ಪ್ಲೇಸ್ಟೇಷನ್ ಜನಕ ಕೆನ್ ಕುತರಗಿ ಗತ್ತು ಕಮ್ಮಿ ಆಗಿರಲಿಲ್ಲ. ಇನ್ನಷ್ಟು ಗಂಟೆ ದುಡಿದಾದರೂ ಕೊಳ್ಳಬೇಕು ಅಂತ ಜನರಿಗೆ ಅನ್ನಿಸಬೇಕು ಅನ್ನೋ ಅರ್ಥದಲ್ಲಿ ಮಾತಾಡಿದ್ದರು. ಎಕ್ಸ್‌ಬಾಕ್ಸ್ 360 ಒಂದು ವರ್ಷ ಮುಂಚೆಯೇ 299 ಮತ್ತು 399ಕ್ಕೆ ಬಂದಿತ್ತು. ಆದರೆ ಅದರ ಪೆಟ್ಟಿಗೆಯಲ್ಲಿ ಕೆಂಪು ಲೈಟ್ ಹತ್ತಿ ಸಾಯೋ ರೋಗ, ರಿಪೇರಿಗೆ ಅಂತಲೇ 2007ರಲ್ಲಿ ಮೈಕ್ರೋಸಾಫ್ಟ್ 100 ಕೋಟಿ ಡಾಲರ್‌ಗೂ ಜಾಸ್ತಿ ಎತ್ತಿಡಬೇಕಾಯಿತು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅಂತಾರಲ್ಲ, ನಿಂಟೆಂಡೊದ 249 ಡಾಲರಿನ ವೀ ಮಾರಾಟ 10 ಕೋಟಿ ದಾಟಿತು. ಅಜ್ಜ ಅಜ್ಜಿ ಎಲ್ಲ ನಿಂತುಕೊಂಡು ಬೌಲಿಂಗ್ ಆಡಿದರು.

ಲೆಕ್ಕದ ಮೇಷ್ಟ್ರು
ನಷ್ಟಕ್ಕೆ ಮಾರೋದರಲ್ಲಿ ಇನ್ನೊಂದು ಅಪಾಯ ಇದೆ. ಪೆಟ್ಟಿಗೆ ಕೊಂಡವನು ಗೇಮ್ ಕೊಳ್ಳದೇ ಹೋದರೆ? 2010ರಲ್ಲಿ ಅಮೆರಿಕದ ವಾಯುಪಡೆ 1,760 ಪಿಎಸ್3 ಜೋಡಿಸಿ ಸೂಪರ್ ಕಂಪ್ಯೂಟರ್ ಮಾಡಿತು. ಆ ಬೆಲೆಗೆ ಅಷ್ಟು ಲೆಕ್ಕ ಮಾಡೋ ಯಂತ್ರ ಬೇರೆ ಸಿಗುತ್ತಿರಲಿಲ್ಲ. 1,760 ಡಿಸ್ಪೆನ್ಸರ್ ಹೋಯಿತು, ಒಂದು ಕ್ಯಾನ್ ಹೋಗಲಿಲ್ಲ.

ಉಲ್ಟಾ ಉದಾಹರಣೆ 3ಡಿಒ ಅನ್ನೋ ಕನ್ಸೋಲ್. ಐಡಿಯಾ ಒಬ್ಬರದು, ಪೆಟ್ಟಿಗೆ ಮಾಡೋದು ಪ್ಯಾನಾಸಾನಿಕ್. ಗೇಮ್ ದುಡ್ಡು ಪ್ಯಾನಾಸಾನಿಕ್‌ಗೆ ಬರಲ್ಲ, ಹಾಗಾಗಿ ಪೆಟ್ಟಿಗೆಯಲ್ಲೇ ಲಾಭ ತೆಗೆಯಬೇಕು. 1993ರಲ್ಲಿ 699 ಡಾಲರ್! ಮಕಾಡೆ ಬಿತ್ತು.

ಕಾಫಿ ಬೈಟು
1995ರ ಆ 299 ಡಾಲರ್ ಈಗಿನ ಲೆಕ್ಕದಲ್ಲಿ 600 ದಾಟುತ್ತೆ. ಪಿಎಸ್3ಯ 599 ಈಗಿನ 900 ದಾಟುತ್ತೆ. ಹಾಗೆ ನೋಡಿದರೆ ಪಿಎಸ್5 ಅಗ್ಗವೇ.

ನಾಗರಭಾವಿ ನಾಣಿ
ಸಂಬಳವೂ ಹಾಗೇ ದಾಟಿದೆಯಾ ಬೈಟು? ಆ ಲೆಕ್ಕ ಹಾಕಿ ನೋಡು.

ಕಾಫಿ ಬೈಟು
ಮಧ್ಯಾಹ್ನ ಊಟ ಆದಮೇಲೆ ಇಂಥ ಪ್ರಶ್ನೆ ಕೇಳಬಾರದು.

ಕಾರ್ಟ್ರಿಜ್ ಊದೋ ಸೀನ
ಡಿಸ್ಪೆನ್ಸರ್ ಮಾತು ಬಂತಲ್ಲ, ನಮ್ಮೂರಲ್ಲಿ ಕ್ಯಾನ್ ಯಾರು ತಗೊಳ್ತಿದ್ದರು ಸ್ವಾಮಿ? ಪಿಎಸ್2 ಕಾಲದಲ್ಲಿ ನನಗೆ ಗೊತ್ತಿದ್ದ ಎಲ್ಲರ ಮಷೀನಿಗೂ "ಚಿಪ್ ಹಾಕಿಸಿದ್ದು", ಕಾಪಿ ಡಿಸ್ಕ್ ಓಡಲಿ ಅಂತ. ಡಿಸ್ಕ್ ಐವತ್ತು, ಅರವತ್ತು ರೂಪಾಯಿ. ನಮ್ಮ ಮನೆ ಹತ್ತಿರದ ಗೇಮ್ ಪಾರ್ಲರಿನಲ್ಲಿ ಗಂಟೆಗೆ ಇಪ್ಪತ್ತು. ಅಂಕಲ್ ಒಬ್ಬರು ನೋಟ್‌ಬುಕ್ಕಿನಲ್ಲಿ ಟೈಮ್ ಬರೆಯುತ್ತಿದ್ದರು, ಗೋಲ್ ಹೊಡೆಯೋ ಹೊತ್ತಿಗೆ ಸರಿಯಾಗಿ "ಟೈಮ್ ಆಯ್ತು" ಅಂತ ಟಿವಿ ಆಫ್ ಮಾಡೋರು. ಈಗಿನ 4,999 ರೂಪಾಯಿ ಗೇಮ್ ನೋಡಿದಾಗ ಆ ಅಂಕಲ್ ನೆನಪಾಗುತ್ತಾರೆ. ಬೈದದ್ದಕ್ಕೆ ಪಾಪ ಅನ್ನಿಸುತ್ತೆ.

ನಿರ್ವಾಹಕ
ಕಾಪಿ ಡಿಸ್ಕ್ ಎಲ್ಲಿ ಸಿಗುತ್ತೆ ಅಂತ ಯಾರೂ ಮುಂದುವರಿಸಬೇಡಿ. ನೆನಪು ಓಕೆ, ವಿಳಾಸ ಬೇಡ.

ವಾಣಿ ಎನ್
ಡಿಜಿಟಲ್ ಮಾಡೆಲ್ ಬಗ್ಗೆ ಎಂಟನೇ ಮೇನ್ ಅವರಿಗೆ ಒಂದು ಮಾತು. ಡಿಸ್ಕ್ ಇಲ್ಲದ್ದು ಬಂದಾಗ ಹತ್ತು ಸಾವಿರ ಅಗ್ಗ ಇತ್ತು, 39,990. ಸುಮ್ನೆ ಅಗ್ಗ ಅಲ್ಲ ಅದು. ಡಿಸ್ಕ್ ಇದ್ದರೆ ಆಡಿ ಮುಗಿಸಿ ಮಾರಬಹುದು, ಫ್ರೆಂಡ್ ಹತ್ತಿರ ಇಸಕೊಳ್ಳಬಹುದು, ಸೆಕೆಂಡ್ ಹ್ಯಾಂಡ್ ಹುಡುಕಬಹುದು. ಡಿಜಿಟಲ್‌ನಲ್ಲಿ ಒಂದೇ ಅಂಗಡಿ, ಅವರದ್ದೇ. ವರ್ಷಕ್ಕೆ ನಾಲ್ಕು ಗೇಮ್ ಕೊಂಡರೆ ಎರಡು ವರ್ಷದಲ್ಲಿ ಆ ಹತ್ತು ಸಾವಿರ ವಾಪಸ್ ಕೊಟ್ಟಿರುತ್ತೀರಿ.

2013ರಲ್ಲಿ ಇದೇ ವಿಷಯಕ್ಕೆ ಎಕ್ಸ್‌ಬಾಕ್ಸ್ ಒನ್ ಪೆಟ್ಟು ತಿಂದಿದ್ದು. ಹಳೇ ಡಿಸ್ಕ್ ಮಾರೋದಕ್ಕೆ ಕಟ್ಟುಪಾಡು, ಮೇಲೆ ಕಿನೆಕ್ಟ್ ಕ್ಯಾಮೆರಾ ಕಡ್ಡಾಯ, 499 ಡಾಲರ್. ಸೋನಿ ಪಿಎಸ್4 399 ಅಂದಿತು. ಫ್ರೆಂಡ್‌ಗೆ ಗೇಮ್ ಕೊಡೋದು ಹೇಗೆ ಅಂತ ಒಂದು ವಿಡಿಯೋ ಬಿಟ್ಟರು. ಒಬ್ಬ ಡಿಸ್ಕ್ ಕೈಗೆ ಕೊಡುತ್ತಾನೆ, ಇನ್ನೊಬ್ಬ ಥ್ಯಾಂಕ್ಸ್ ಅನ್ನುತ್ತಾನೆ. ಮುಗಿಯಿತು. 2014ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಕಿನೆಕ್ಟ್ ತೆಗೆದು 399 ಮಾಡಿತು, ಅಷ್ಟು ಹೊತ್ತಿಗೆ ಬಸ್ಸು ಹೋಗಿತ್ತು.

ಬನಶಂಕರಿ ಎರಡನೇ ಹಂತ
ಸೆಕೆಂಡ್ ಹ್ಯಾಂಡ್ ಅಂದರಲ್ಲ, ನನ್ನ ಪಾಠ ಕೇಳಿ. ಹೋದ ವರ್ಷ ಆನ್‌ಲೈನ್ ಜಾಹೀರಾತು ನೋಡಿ ಒಬ್ಬರ ಮನೆಗೆ ಹೋದೆ. ಟಿವಿಗೆ ಹಾಕಿ ತೋರಿಸಿದರು, ಚೆನ್ನಾಗಿ ಆಡಿತು. ಕಾಫಿ ಕೊಟ್ಟರು, ಚೌಕಾಸಿ ಮಾಡೋಕೂ ಮುಜುಗರ. ಮನೆಗೆ ತಂದು ಎಚ್‌ಡಿಎಂಐ ವೈರ್ ಹಾಕಿದರೆ ಚಿತ್ರ ಬರುತ್ತೆ, ಹೋಗುತ್ತೆ. ಟಾರ್ಚ್ ಹಾಕಿ ನೋಡಿದೆ, ಒಳಗಿನ ಪಿನ್ ಒಂದು ಬಗ್ಗಿತ್ತು. ಅವರ ಮನೆಯಲ್ಲಿ ವೈರನ್ನು ಒಂದು ದಿಕ್ಕಿಗೆ ಎಳೆದು ರಬ್ಬರ್ ಬ್ಯಾಂಡ್ ಹಾಕಿದ್ದು ಆಮೇಲೆ ಹೊಳೆಯಿತು. ನಾನು ಅದನ್ನು ನೀಟಾಗಿ ಇಟ್ಟುಕೊಳ್ಳೋ ಮನುಷ್ಯ ಅಂದುಕೊಂಡಿದ್ದೆ.

ಕಾಫಿ ಬೈಟು
ರಿಪೇರಿಗೆ ಎಷ್ಟಾಯಿತು?

ಬನಶಂಕರಿ ಎರಡನೇ ಹಂತ
ಮೂರೂವರೆ ಸಾವಿರ. ಆ ಕಾಫಿ ನನ್ನ ಜೀವನದ ಅತಿ ದುಬಾರಿ ಕಾಫಿ.

ಪಿಸಿ ಪುಟ್ಟ
ನಿಂಟೆಂಡೊ ಸ್ವಿಚ್ ತಗೊಳ್ಳಿ ಅಂತ ಯಾರೂ ಹೇಳಲಿಲ್ಲವಲ್ಲ. ಹನ್ನೊಂದು ವರ್ಷದ ಹುಡುಗನಿಗೆ ಮಾರಿಯೋ ಸಾಕು.

ಜಾಯ್‌ಸ್ಟಿಕ್ ಜಯಣ್ಣ
ನಿಂಟೆಂಡೊ ನಮ್ಮಲ್ಲಿ ಅಧಿಕೃತವಾಗಿ ಮಾರಲ್ಲ ಪುಟ್ಟ. ಎಲ್ಲ ದುಬೈ, ಸಿಂಗಪುರ ಕಡೆಯಿಂದ ಬಂದದ್ದು. ಅಂಗಡಿಯವನು ಹೇಳಿದ್ದೇ ಬೆಲೆ, ಅವನು ಕೊಟ್ಟಿದ್ದೇ ವಾರಂಟಿ. ಸ್ವಿಚ್ 2 2025ರಲ್ಲಿ ಬಂದಾಗ ಅಮೆರಿಕದಲ್ಲೇ 449 ಡಾಲರ್ ಇತ್ತು, ಮಾರಿಯೋ ಕಾರ್ಟ್ ವರ್ಲ್ಡ್ ಒಂದಕ್ಕೇ 80 ಡಾಲರ್. ಪಿಎಸ್5 ಪ್ರೊ ಅಂತೂ 2024ರಲ್ಲಿ ಬೇರೆ ದೇಶಗಳಲ್ಲಿ ಬಂದರೂ ನಮ್ಮಲ್ಲಿ ಬಿಡಲಿಲ್ಲ. ಅದರ ವೈಫೈ ಬಳಸೋ 6 ಗಿಗಾಹರ್ಟ್ಸ್ ತರಂಗಕ್ಕೆ ಇಲ್ಲಿ ಅನುಮತಿ ಇರಲಿಲ್ಲ. ನಾವು ಬೆಲೆಗೆ ಅಳುತ್ತಿದ್ದೇವೆ, ಆಗ ವಸ್ತುವೇ ಬರಲಿಲ್ಲ.

ನಾಗರಭಾವಿ ನಾಣಿ
ಎಂಟನೇ ಮೇನ್ ಅವರೇ, ನನ್ನ ಸಲಹೆ: ಸೋನಿಯವರೇ ಆಗಾಗ ಆಫರ್ ಬಿಡುತ್ತಾರೆ. 2023ರ ಜುಲೈನಲ್ಲಿ 7,500 ಕಮ್ಮಿ ಮಾಡಿ 47,490ಕ್ಕೆ ಕೊಟ್ಟಿದ್ದರು. ಎಂಆರ್‌ಪಿ ಏರಿಸೋದು, ಹಬ್ಬಕ್ಕೆ ಇಳಿಸಿದ ಹಾಗೆ ಮಾಡೋದು. ಸೀರೆ ಅಂಗಡಿಯ ಆಷಾಢ ಸೇಲ್ ಲೆಕ್ಕ. ಆದರೂ ಆ ವಾರ ಕೊಂಡವನೇ ಜಾಣ. ಜಿಟಿಎ 6 ಬರೋ ಹೊತ್ತಿಗೆ ಎಲ್ಲರೂ ಮುಗಿಬೀಳುತ್ತಾರೆ, ಅದಕ್ಕೆ ಮೊದಲು ತಗೊಂಡುಬಿಡಿ. ಬೆಲೆ ಇಳಿಯುತ್ತೆ ಅಂತ ಮಾತ್ರ ಇನ್ನೊಮ್ಮೆ ಕಾಯಬೇಡಿ.

ಲೆಕ್ಕದ ಮೇಷ್ಟ್ರು
ಮೊದಲ ಸಲ ನಾಣಿ ಜೊತೆ ಪೂರ್ತಿ ಒಪ್ಪುತ್ತಿದ್ದೇನೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಎಂಟನೇ ಮೇನ್
ಹನ್ನೆರಡು ದಿನದ ನಂತರ ಬರೆಯುತ್ತಿದ್ದೇನೆ. ಡಿಸ್ಕ್ ಮಾಡೆಲ್ಲೇ ತಗೊಂಡೆ, ಆಫರ್‌ನಲ್ಲಿ ಸಿಕ್ಕಿತು. ವಾಣಿ ಮೇಡಂ ಲೆಕ್ಕವನ್ನು ಹಾಗೇ ಮನೆಯಲ್ಲಿ ಒಪ್ಪಿಸಿದೆ. ಹೆಂಡತಿ ಪೂರ್ತಿ ಕೇಳಿ, "ಅಂದರೆ ಹತ್ತು ಸಾವಿರ ಉಳಿಸೋಕೆ ಹತ್ತು ಸಾವಿರ ಜಾಸ್ತಿ ಕೊಡ್ತಿದ್ದೀರಾ?" ಅಂದಳು. ಉತ್ತರ ಇನ್ನೂ ಹುಡುಕುತ್ತಿದ್ದೇನೆ.

ಪಕ್ಕದ ಮನೆ ಹುಡುಗನ ಹತ್ತಿರ ಒಂದು ಫುಟ್‌ಬಾಲ್ ಡಿಸ್ಕ್ ಇಸಕೊಂಡು ಬಂದಿದ್ದಾನೆ ನಮ್ಮವನು. ಮಾರ್ಕ್ಸ್ ಕಾರ್ಡ್ ಫ್ರಿಜ್‌ನಿಂದ ತೆಗೆದಿದ್ದಾನೆ. ಈಗ ಆ ಜಾಗದಲ್ಲಿ ಎರಡನೇ ಕಂಟ್ರೋಲರ್ ಚಿತ್ರ ಅಂಟಿಸಿದ್ದಾನೆ. ಪಕ್ಕದ ಮನೆಯವನು ಬಂದರೆ ಇಬ್ಬರೂ ಆಡೋದು ಹೇಗೆ ಅಂತ ಕೇಳುತ್ತಿದ್ದಾನೆ. ಅಂಗಡಿಯಲ್ಲಿ ಕೇಳಿದೆ, ಆರು ಸಾವಿರದ ಆಸುಪಾಸು ಅಂದರು. ಇಷ್ಟು ಜನ ಇಷ್ಟು ಬರೆದಿರಿ, ಕಂಟ್ರೋಲರ್ ಬೆಲೆ ಒಬ್ಬರೂ ಹೇಳಲಿಲ್ಲವಲ್ಲ?

ಕಾಫಿ ಬೈಟು
ಹೇಳಿದ್ದರೆ ನೀವು ತಗೊಳ್ತಿದ್ರಾ?

ಕಾರ್ಟ್ರಿಜ್ ಊದೋ ಸೀನ
ಅಣ್ಣಾ, ಟ್ಯಾಂಕ್ ಗೇಮ್ 5ನೇ ನಂಬರ್ರೇ. ತಮ್ಮನಿಗೆ ಫೋನ್ ಮಾಡಿ ಕೇಳಿದೆ.